ಹೊಸ ಆಕ್ಸಲ್ ಹಾಕಿಸಿದ ಮೇಲೆ

ಹಳೇಬೀಡು,
ಭಾನುವಾರ, 16 ನವೆಂಬರ್ 2025

ನನ್ನವರಿಗೆ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಒಂದು ಮಾತು: ಅರೇಹಳ್ಳಿ ತಿರುವಿನಲ್ಲಿ ಆದದ್ದು ನಿಮ್ಮಿಂದ ಆದದ್ದಲ್ಲ. ಇದನ್ನು ಹೇಳಲು ವಾರವೆಲ್ಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬರೆಯುತ್ತಿರುವುದು ನಮ್ಮ ಟ್ರೈಲರಿನೊಳಗೆ ಕೂತು. ಹೌದು, ಅದೇ ಟ್ರೈಲರ್. ನೀವು ನಿವೃತ್ತರಾದ ವರ್ಷ ಯಾರೋ ಎಸ್ಟೇಟಿನವರಿಂದ ಹಳೆಯದನ್ನು ಕೊಂಡು, ಮಂಚ, ಗ್ಯಾಸ್ ಒಲೆ ಎಲ್ಲ ಕೂರಿಸಿ, ಜೀಪಿನ ಹಿಂದೆ ಸಿಕ್ಕಿಸಿಕೊಂಡು ಬಂದು, "ಇನ್ಮೇಲೆ ಲಾಡ್ಜು ಹುಡುಕೋ ಕೆಲಸ ಇಲ್ಲ ಕಣೇ ಪುಷ್ಪ" ಎಂದು ಮನೆ ಮುಂದೆ ನಿಲ್ಲಿಸಿದ್ದಿರಲ್ಲ, ಅದು.

ಹೋದ ವರ್ಷ ಅದರ ಎಡ ಚಕ್ರ ಒಳಕ್ಕೆ ಮಡಚಿಕೊಂಡು, ಟ್ರೈಲರು ಚರಂಡಿಗೆ ವಾಲಿ, ಜೀಪನ್ನೂ ಎಳೆದುಕೊಂಡಿತು. ಹಿಂದಿನ ಸೀಟಿನಲ್ಲಿದ್ದ ನಮ್ಮಮ್ಮನ ತೊಡೆಮೂಳೆ ಮುರಿಯಿತು. ಆಸ್ಪತ್ರೆ ಬಾಗಿಲಲ್ಲಿ ನನ್ನ ತಮ್ಮ ಅರುಣ್‌ಕುಮಾರ್ ಎಲ್ಲರ ಎದುರಿಗೆ, "ವಯಸ್ಸಾದೋರ್ನ ಕೂರಿಸ್ಕೊಂಡು ಹಂಗಾ ಓಡ್ಸೋದು ಭಾವ?" ಎಂದುಬಿಟ್ಟ. ನೀವು ಬಟ್ಟೆ ತರುತ್ತೇನೆಂದು ಹೋದವರು ಬೇಲೂರಿನ ನಿಮ್ಮ ಅಕ್ಕನ ಮನೆ ಸೇರಿಕೊಂಡಿರಿ. ನಾನು ಬಂದು ಕರೆದರೂ, "ಯಾವ ಮುಖ ಇಟ್ಕೊಂಡು ಬರ್ಲಿ?" ಎಂದು ಗೋಡೆ ಕಡೆ ತಿರುಗಿ ಕೂತಿರಿ.

ಟ್ರೈಲರನ್ನು ಅರಸೀಕೆರೆಗೆ ಎಳೆಸಿ ತಂದು ನಮ್ಮ ಕೊಬ್ಬರಿ ಗೋದಾಮಿನ ಹಿಂದೆ ಟಾರ್ಪಾಲು ಹೊದಿಸಿಟ್ಟೆವು. ಬಟ್ಟೆ ಒಣಹಾಕಲು ಹೋದಾಗಲೆಲ್ಲ ಅದು ಒಂದು ಮಗ್ಗುಲಿಗೆ ಕುಸಿದು ಕೂತಿರುವುದು ಕಣ್ಣಿಗೆ ಬೀಳುತ್ತಿತ್ತು. ಬಂದ ಕೆಲಸ ಮರೆತು ಅದರ ಸುತ್ತ ತಿರುಗುತ್ತಿದ್ದೆ. ಅರುಣ ಗುಜರಿಗೆ ಹಾಕು ಎಂದ. ಹಾಕಲು ಮನಸ್ಸು ಬರಲಿಲ್ಲ. ಕೊನೆಗೆ ಮೆಕ್ಯಾನಿಕ್ ಮರಿಯಣ್ಣನನ್ನು ಕರೆಸಿದೆ.

ಅವನು ಬಗ್ಗಿ ನೋಡಿ, "ಮುರಿದಿರೋ ಕಡೆ ವೆಲ್ಡಿಂಗ್ ಹೊಡುದ್ರೆ ಆಯ್ತು ಬಿಡಮ್ಮ, ಗುಜರಿ ತಂಕ ಹೋಗಕ್ಕೆ ಅಷ್ಟು ಸಾಕು" ಎಂದ. ನನಗೆ ರೇಗಿತು. ಇದು ಗುಜರಿಗಲ್ಲ, ರಸ್ತೆಗೆ. ಎರಡೂ ಚಕ್ರ ಹೊತ್ತಿರುವ ಆಕ್ಸಲನ್ನೇ ಪೂರ್ತಿ ಬದಲಾಯಿಸು ಎಂದೆ. ಗೊಣಗಿಕೊಂಡೇ ಟ್ರೈಲರಿನ ತೂಕಕ್ಕೆ ತಕ್ಕ ಹೊಸ ಆಕ್ಸಲ್ ತರಿಸಿದ.

ಹಳೆಯದನ್ನು ಕಳಚುವುದೇ ದೊಡ್ಡ ಕೆಲಸವಾಯಿತು. ಜಾಕಿ ಕೊಟ್ಟು ಎತ್ತಿ, ಕೆಳಗೆ ಮರದ ದಿಮ್ಮಿ ಇಟ್ಟರು. ಬೋಲ್ಟುಗಳು ತುಕ್ಕು ಹಿಡಿದು ಅಲ್ಲಾಡಲಿಲ್ಲ, ಕತ್ತರಿಸಬೇಕಾಯಿತು. ಆಕ್ಸಲ್ ನೆಲಕ್ಕೆ ಬಿದ್ದಾಗ ನನಗೆ ಏನನ್ನಿಸಿತೋ, ಮುರಿಯದೆ ಉಳಿದ ಬಲಗಡೆಯನ್ನೂ ಬಿಚ್ಚಿ ನೋಡು ಮರಿಯಣ್ಣ ಎಂದೆ. ಆಕ್ಸಲಿನ ಚೌಕದ ಕೊಳವೆಯೊಳಗೆ ರಬ್ಬರಿನ ದಿಂಡುಗಳಿರುತ್ತವಂತೆ, ಗುಂಡಿಯ ಏಟನ್ನೆಲ್ಲ ನುಂಗುವುದು ಅವೇ. ಬಿಚ್ಚಿದರೆ ಅವು ಒಣಗಿದ ಮಣ್ಣಿನ ಹಾಗೆ ಕೈಯಲ್ಲೇ ಪುಡಿಯಾದವು. ಚಕ್ರ ಹಿಡಿದಿರುವ ಕಬ್ಬಿಣದ ತೋಳು ಆ ಕಡೆಯೂ ಬಿರುಕು ಬಿಟ್ಟಿತ್ತು.

"ಇದೂ ಇವತ್ತೋ ನಾಳೆಯೋ ಅಂತಿತ್ತು ಕಣಮ್ಮ" ಎಂದ ಮರಿಯಣ್ಣ. "ಎತ್ತಿನಗಾಡಿ ಹಂಗೆ ಓಡ್ಸಿದ್ರೂ ಮುರಿಯೋದೇಯ."

ಅರುಣನನ್ನು ಅಲ್ಲಿಗೇ ಕರೆಸಿ ಆ ಪುಡಿಯನ್ನು ಅವನ ಅಂಗೈಗೆ ಸುರಿದೆ. ಬೆರಳಲ್ಲಿ ಉಜ್ಜಿ ನೋಡಿದ. "ಭಾವಂಗೆ ನಾನೇ ಹೇಳ್ತೀನಿ ಅಕ್ಕ" ಎಂದ. ಅವನ ಫೋನನ್ನೂ ನೀವು ಎತ್ತಲಿಲ್ಲವಂತೆ.

ಹೊಸದು ಕೂತಿತು. ಜೀಪಿಗೆ ಸಿಕ್ಕಿಸುವ ಕೊಕ್ಕೆಯಿಂದ ಎರಡೂ ಚಕ್ರಕ್ಕೆ ಟೇಪು ಹಿಡಿದು, ಸಮ ಬರುವ ತನಕ ಸರಿಸಿ ಸರಿಸಿ ಬಿಗಿ ಮಾಡಿದರು. ಜಾವಗಲ್ ತನಕ ಓಡಿಸಿ, ನಟ್ಟುಗಳನ್ನು ಮತ್ತೆ ಬಿಗಿ ಮಾಡಿಕೊಂಡು ಬನ್ನಿ ಎಂದ ಮರಿಯಣ್ಣ. ಇವತ್ತು ಬೆಳಿಗ್ಗೆ ಹೊರಟೆ. ಜೀಪನ್ನು ನಾನೇ ಓಡಿಸಿದೆ. ಕೈ ಸ್ಟೇರಿಂಗಿಗೆ ಅಂಟಿಕೊಂಡಿತ್ತು, ಕಣ್ಣು ರಸ್ತೆಗಿಂತ ಹೆಚ್ಚಾಗಿ ಕನ್ನಡಿಯಲ್ಲೇ. ಸಣ್ಣ ಗುಂಡಿ ಸಿಕ್ಕರೂ ಬ್ರೇಕ್ ಒತ್ತುತ್ತಿದ್ದೆ. ಜಾವಗಲ್ಲಿನಲ್ಲಿ ನಿಲ್ಲಿಸಿ ನಟ್ಟು ಬಿಗಿ ಮಾಡಿದೆ, ಚಕ್ರದ ನಡು ಮುಟ್ಟಿ ನೋಡಿದೆ, ಬಿಸಿ ಇರಲಿಲ್ಲ. ಅಲ್ಲಿಂದ ವಾಪಸಾಗಬೇಕಿತ್ತು. ಮನಸ್ಸಾಗಲಿಲ್ಲ. ಈಗ ಹಳೇಬೀಡಿನ ಕೆರೆ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದೇನೆ. ಎರಡು ಸಾಲು ಬರೆಯುವುದು, ಇಳಿದು ಹೋಗಿ ಚಕ್ರ ನೋಡುವುದು, ಮತ್ತೆ ಹತ್ತಿ ಬಂದು ಬರೆಯುವುದು. ಅಕ್ಷರ ಅಡ್ಡಾದಿಡ್ಡಿಯಾಗಿದ್ದರೆ ಅದಕ್ಕೇ.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಮೇಲೊಂದು ಸಾಲು ಬರೆದು ಹೊಡೆದುಹಾಕಿದ್ದೇನೆ, ನೋಡಿರುತ್ತೀರಿ. ಸಿಟ್ಟಿದೆ. ಗಾಡಿ ಓಡಿಸಿದ್ದಕ್ಕಲ್ಲ, ನನ್ನೊಬ್ಬಳನ್ನೇ ಆಸ್ಪತ್ರೆ ಬೆಂಚಿನ ಮೇಲೆ ಬಿಟ್ಟು ಹೋದದ್ದಕ್ಕೆ. ಅದನ್ನು ಎದುರುಬದುರು ಕೂತು ಜಗಳವಾಡಿಯೇ ತೀರಿಸಿಕೊಳ್ಳಬೇಕು. ಪತ್ರದಲ್ಲಿ ಆಗುವುದಲ್ಲ.

ಅಮ್ಮ ಕೋಲು ಹಿಡಿದು ನಡೆಯುತ್ತಾರೆ. ಅವರ ವಿಷಯ ಇಷ್ಟೇ ಸಾಕು.

ಎಂದಿನಂತೆ ನಿಮ್ಮ,
ಪುಷ್ಪಲತಾ

ಮರೆತ ಮಾತು: ಇದನ್ನು ಅಂಚೆಗೆ ಹಾಕಬೇಕೆಂದಿದ್ದೆ, ಅಷ್ಟು ತಡೆಯಲಾಗಲಿಲ್ಲ. ಈಗ ಬೇಲೂರಿನಲ್ಲಿ, ನಿಮ್ಮ ಅಕ್ಕನ ಮನೆ ಮುಂದೆಯೇ ಇದ್ದೇನೆ. ಬಾಗಿಲ ಸಂದಿಯಲ್ಲಿ ಈ ಕಾಗದ ತಳ್ಳುತ್ತಿರುವವರು ಅಮ್ಮ. ಅರಸೀಕೆರೆಯಿಂದ ಹಿಂದಿನ ಸೀಟಿನಲ್ಲೇ ಕೂತು ಬಂದರು. ಗಾಡಿ ಹೇಗಿದೆಯೋ ಗೊತ್ತಿಲ್ಲ, ಈ ಸಲ ಬೇಡ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ಅಳಿಯಂದ್ರು ನನ್ ಮುಖ ನೋಡಕ್ಕೆ ಹೆದರ್ಕೊಂಡವ್ರೆ ಕಣೇ, ನಾನೇ ಹೋಗಿ ತೋರಿಸ್ಬೇಕು" ಎಂದು ಜೀಪು ಹತ್ತಿ ಕೂತುಬಿಟ್ಟರು. ಒಳಗೆ ಕರೆದು ಕೂರಿಸಿ, ಜಗಲಿ ಮೇಲೆ ಹೆಚ್ಚು ಹೊತ್ತು ನಿಲ್ಲಲಾರರು. ಆಮೇಲೆ ಬೇಗ ಇತ್ತ ಬನ್ನಿ. ನನಗೆ ಟ್ರೈಲರ್ ಕಟ್ಟಿಕೊಂಡು ರಿವರ್ಸ್ ತೆಗೆಯಲು ಬರುವುದಿಲ್ಲ, ಈ ಬೀದಿಯೋ ಇಷ್ಟಗಲ, ಹಿಂದೆ ಟೆಂಪೋದವನು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದಾನೆ.