ಕುಕ್ಕರಿನ ರಬ್ಬರು

ಆಗಸ್ಟ್ 19, ಮಂಗಳವಾರ

ಮಧ್ಯಾಹ್ನ ಕಣ್ಣು ಮುಚ್ಚಿದರೂ ಅದೇ ಕನಸು. ಅನ್ನದೊಳಗಿಂದ ಮೀನಿನ ಕಣ್ಣು ನನ್ನನ್ನೇ ನೋಡ್ತಿತ್ತು. ಥೂ!

ಉತ್ತರದ ಸರೋವರದ ಆ ದ್ವೀಪದಲ್ಲಿ ಮೂರು ದಿನ ಹಕ್ಕಿ ನೋಡಿದ ಖುಷಿಯೆಲ್ಲಾ ಮಣ್ಣುಪಾಲಾಯ್ತು. ಶುದ್ಧವಾಗಿರಲಿ ಅಂತ ನೈರೋಬಿಯಿಂದ ಕುಕ್ಕರ್ ಹೊತ್ತುಕೊಂಡು ಹೋಗಿದ್ದೆ. ಅಲ್ಲಿನ ಅಡುಗೆಯವಳು ಅಕಿರು ದಿನಾ ಅದರಲ್ಲೇ ಮೀನು ಬೇಯಿಸಿ, ಅದರಲ್ಲೇ ನನಗೆ ಅನ್ನ ಮಾಡಿ ಹಾಕಿದ್ದಾಳೆ. ಹೊರಡುವಾಗ, "ನಿಮ್ಮ ಪಾತ್ರೆ ಬಹಳ ಚೆನ್ನಾಗಿದೆ ಮೇಡಂ, ಅಸಾಂಟೆ" ಅಂತ ಥ್ಯಾಂಕ್ಸ್ ಬೇರೆ ಹೇಳಿದಳು!

ನಮ್ಮ ಯಜಮಾನರಿಗೆ ಮೊದಲ ದಿನವೇ ಗೊತ್ತಿತ್ತಂತೆ. "ಹೇಳಿದ್ರೆ ನೀನು ಉಪವಾಸ ಕೂರ್ತಿದ್ದೆ ಕಣೇ" ಅಂತ ನಗ್ತಾರೆ. ಅವರ ಮುಖ ನೋಡಿದರೂ ಹೇಸಿಗೆ. ನಾಳೆ ಅವರ ಅಮ್ಮನದೇ ತಿಥಿ, ಮನೇಲಿರೋದು ಇದೊಂದೇ ಕುಕ್ಕರ್. ಹುಣಸೆಹಣ್ಣು ಹಾಕಿ ಏಳು ಸಲ ತಿಕ್ಕಿದೆ. ಈಗ ನನ್ನ ಕೈಯೇ ನಾರುತ್ತೆ, ಮೂಗು ನಂಬೋ ಹಾಗಿಲ್ಲ. ಇವರು ಮುಚ್ಚಳದ ರಬ್ಬರ್ ಒಂದು ಸಲ ಮೂಸಿ, "ಏನೂ ವಾಸನೆ ಇಲ್ಲ" ಅಂತ ಹೇಳಿ ಮಲಗಿಬಿಟ್ಟಿದ್ದಾರೆ.

ರೀ, ಎದ್ದು ಬನ್ನಿ. ಆ ರಬ್ಬರ್ ಇನ್ನೊಂದು ಸಲ ಮೂಸಿ ನೋಡಿ, ಈ ಸಲವಾದರೂ ನಿಜ ಹೇಳಿ.