ಹಲಗೆಯ ಸದ್ದು

೯ ಫೆಬ್ರವರಿ ೧೮೯೮
ಬೆಳಿಗ್ಗೆ ಬಲೆ ಎತ್ತಿದೆ. ಎಂಟೇ ಮೀನು, ಅದೂ ಚಿಳ್ಳೆಪಿಳ್ಳೆ. ಹನ್ನೊಂದರ ಹೊತ್ತಿಗೆ ಹಿನ್ನೀರಿನ ನಡುವೆ ಮಂಜುಗಡ್ಡೆ ಒಡೆದು ಅಂಚೆಯ ಲೆಪ್ಪರ್ಟ್‌ನ ಜಾರುಬಂಡಿ ಮುಳುಗಿತು. ಕುದುರೆ ಹೋಯಿತು. ಹೊಟ್ಟೆಯ ಮೇಲೆ ತೆವಳಿ, ಗಳ ಚಾಚಿ ಅವನನ್ನು ಎಳೆದೆ. ನಾನೂ ಎರಡು ಸಲ ಬಿದ್ದೆ. ಅವನಿಗೆ ಪ್ರಜ್ಞೆಯಿಲ್ಲ.

ಮಬ್ಬು ಬೇರೆ, ಏನೂ ಕಾಣದು. ಹತ್ತಿರದಲ್ಲೆಲ್ಲೋ ಟಕ್ ಟಕ್ — ನನ್ನ ಹಾಗೇ ಮೀನು ಹಿಡಿಯುವ ಪಿಪ್ಪಿಸ್ ಹಲಗೆ ಬಡಿಯುತ್ತಿದ್ದ. ಮಂಜುಗಡ್ಡೆಯ ತೂತಿಗೆ ಹಲಗೆ ಇಳಿಸಿ ಕೊಡತಿಯಲ್ಲಿ ಬಡಿದರೆ ಮೀನು ಬಲೆಗೆ ಬರುತ್ತವಲ್ಲ, ಚಳಿಗಾಲವೆಲ್ಲ ಅದೇ ಸದ್ದು. ಬಾರೋ ಅಂತ ಕೂಗಿದೆ. ಬರಲಿಲ್ಲ. ಸೋಮಾರಿ! ಬೈದುಕೊಂಡು ಲೆಪ್ಪರ್ಟ್‌ನನ್ನು ಒಬ್ಬನೇ ಹೊತ್ತು ತಂದೆ.

೧೨ ಫೆಬ್ರವರಿ
ಲೆಪ್ಪರ್ಟ್ ಕಣ್ಣು ಬಿಟ್ಟ. ಮೊದಲ ಮಾತು — "ಮಿಕೆಲ್ ಎಲ್ಲಿ?"

ಪಕ್ಕದ ಮನೆ ಮಿಕೆಲ್. ಮಬ್ಬಿಗೆ ಹೆದರಿ ಪೇಟೆಯಲ್ಲೇ ಉಳಿದಿದ್ದಾನೆ ಅಂತ ಹೆಂಡತಿ ಉರ್ಟೆ ನಿಶ್ಚಿಂತೆಯಿಂದಿದ್ದಳು. ದಾರಿಯಲ್ಲಿ ಈ ಬಂಡಿ ಹತ್ತಿದ್ದನಂತೆ.

ಉರ್ಟೆ ಕೇಳಿದಳು, "ಅಣ್ಣಾ, ತಕ್ಷಣ ಹೋಗ್ಬಿಟ್ರಾ ಅವರು? ನರಳಿಲ್ಲ ತಾನೆ?"

"ಇಲ್ಲಮ್ಮ. ಮುಳುಗಿದ್ದೇ ಮುಗೀತು."

ನಿಜವೆಂದೇ ಹೇಳಿದೆ.

೨೦ ಫೆಬ್ರವರಿ
ಪಿಪ್ಪಿಸ್‌ನನ್ನು ತರಾಟೆಗೆ ತಗೊಂಡೆ — ಕೂಗಿದರೂ ಬರಲಿಲ್ಲವಲ್ಲೋ ಅಂತ.

"ಅವತ್ತಾ? ನನ್ನ ಕೊಡತಿ ಸೀಳಿ ಮೂಲೇಲಿ ಬಿದ್ದಿತ್ತು ಮಾರಾಯ. ಆ ಮಬ್ಬಲ್ಲಿ ನಿನ್ನಂಥ ಹುಚ್ಚ ಬಿಟ್ರೆ ಇನ್ಯಾರು ಹೋಗ್ತಾರೆ?"

೨೧ ಫೆಬ್ರವರಿ
ಹಾಗಾದರೆ ಬಡಿದದ್ದು...

೬ ಮಾರ್ಚ್
ಲೆಪ್ಪರ್ಟ್‌ನನ್ನು ಉಳಿಸಿದ್ದಕ್ಕೆ ನನಗೆ ಪದಕವಂತೆ, ಹೇಳಿಕೆ ಬರೆದುಕೊಳ್ಳಲು ಗುಮಾಸ್ತ ಬಂದಿದ್ದ. 'ಪ್ರಾಣದ ಹಂಗು ತೊರೆದು' ಅಂತ ದುಂಡಗೆ ಬರೆದ. "ಇನ್ನೊಬ್ಬನನ್ನ ಉಳಿಸೋಕೆ ಆಗ್ತಿತ್ತಾ?"

"ಇಲ್ಲ ಸ್ವಾಮಿ."

ಈ ಸಲ ಗೊತ್ತಿದ್ದೇ ಸುಳ್ಳು. ಪಿಪ್ಪಿಸ್ ಹೊಸ ಕೊಡತಿ ಮಾಡಿದ್ದಾನೆ. ದಿನವಿಡೀ ಬಡಿಯುತ್ತಾನೆ. ಕಿವಿಗೆ ಬಟ್ಟೆ ತುರುಕಿ ಕೂತೆ. ಆದರೂ ಕೇಳುತ್ತದೆ. ಹೆದರಿಕೆ.

೧೭ ಏಪ್ರಿಲ್, ಭಾನುವಾರ
ಚರ್ಚಿನ ಮುಂದೆ ಪದಕ ಕೊಟ್ಟರು. ಬೆಳ್ಳಿ. ಒಂದು ಕಡೆ ದೊರೆಯ ತಲೆ, ಇನ್ನೊಂದು ಕಡೆ 'ಅಪಾಯದಿಂದ ಪಾರುಮಾಡಿದ್ದಕ್ಕೆ'. ಎದೆಗೆ ಸಿಕ್ಕಿಸಿದ ಅದರ ಕಿತ್ತಳೆ ಪಟ್ಟಿ ಸೊಟ್ಟಗಿತ್ತು. ಉರ್ಟೆ ಮುಂದೆ ಬಂದು ಸರಿ ಮಾಡಿದಳು.

"ಒಬ್ಬನನ್ನಾದ್ರೂ ಉಳಿಸಿದೆಯಲ್ಲ ಅಣ್ಣಾ."

ನಾಚಿಕೆಯಿಂದ ಸತ್ತೇ ಹೋದೆ.

೨ ಮೇ
ಮಿಕೆಲ್ ಸಿಕ್ಕ. ಜೊಂಡಿನಲ್ಲಿ. ನಾನೂ ಪಿಪ್ಪಿಸೂ ಹೊತ್ತು ತಂದೆವು. ನಾನೇ ತೊಳೆಯುತ್ತೇನೆ ಅಂದಳು ಉರ್ಟೆ. ಮಿಕೆಲ್‌ನ ಕೈಯಲ್ಲಿ ಅವಳೇ ಹೆಣೆದ ಉಣ್ಣೆಯ ಗವಸು. ಎರಡೂ ಗೆಣ್ಣಿನ ಹತ್ತಿರ ಹರಿದು ಚಿಂದಿ. ತಿರುಗಿಸಿ ತಿರುಗಿಸಿ ನೋಡಿದಳು. ಮಂಜುಗಡ್ಡೆಯ ಮೇಲೆ ಬೆಳೆದವಳು, ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಗಡ್ಡೆಯ ಕೆಳಗಿಂದ ಬಡಿದಿದ್ದಾರೆ. ನೀನು ಅಲ್ಲೇ ಇದ್ದೆ. ಎಷ್ಟು ಹೊತ್ತು ಬಡಿದ್ರು, ಅಣ್ಣಾ?"

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ.

"ಲೆಪ್ಪರ್ಟ್‌ನ ಹೊತ್ಕೊಂಡು ನಾನು ಹೊರಟಾಗ್ಲೂ ಇನ್ನೂ ಬಡೀತಿದ್ರು" ಅಂದೆ. ಅವಳು ಗವಸು ಕೆಳಗಿಟ್ಟಳು. ಆಮೇಲೆ ಅವನ ಗೆಣ್ಣುಗಳನ್ನು ಒಂದೊಂದಾಗಿ ತೊಳೆಯುತ್ತಲೇ "ಹೊರಗೆ ಹೋಗು" ಅಂದಳು.