ಏಳು ವರ್ಷ ಬೀಗ ಹಾಕಿದ್ದ ಕಾರು

೨೧-೨-೭೫, ಶುಕ್ರವಾರ ಬೆಳಗ್ಗೆ

ಗೋದಾ,

ನೀನು ದೇವಸ್ಥಾನದಿಂದ ಬರುವಷ್ಟರಲ್ಲಿ ನಾನು ಮದ್ದೂರು ದಾಟಿರುತ್ತೇನೆ. ಎದುರಿಗೆ ಹೇಳಿದ್ದರೆ ನೀನು ಕಾರಿಗೆ ಅಡ್ಡ ನಿಲ್ಲುತ್ತಿದ್ದೆ.

ಹೌದು, ಕಾರನ್ನೇ ತೆಗೆದುಕೊಂಡು ಹೋಗಿದ್ದೇನೆ. ನಮ್ಮ ವರದ ಅದರಲ್ಲೇ ಸತ್ತ ಮೇಲೆ ಶೆಡ್ಡಿನ ಬೀಗ ತೆಗೆಯಕೂಡದು ಎಂದೆ ನೀನು. ತೆಗೆಯಲಿಲ್ಲ. ಆದರೆ ವೇದಳ ಹೊಟ್ಟೆಗೆ ಹಾಕಿದ ಹೊಲಿಗೆ ಇನ್ನೂ ಹಸಿ, ಬಸ್ಸಿನ ಕುಲುಕಾಟ ಕೂಡದಂತೆ. ಮಗುವನ್ನು ಕಳೆದುಕೊಂಡ ಮಗಳನ್ನು ಇನ್ನೂ ಮಳವಳ್ಳಿ ಆಸ್ಪತ್ರೆಯಲ್ಲೇ ಬಿಟ್ಟಿರಲಾರೆ.

ನೀನು ಅವಳ ಬಳಿ ಇದ್ದ ಎಂಟು ದಿನವೂ ಮೆಕಾನಿಕ್ ಜವರಯ್ಯ ಬಂದು ರಿಪೇರಿ ಮಾಡಿದ. ಇಂಜಿನ್ನಿನಲ್ಲಿ ಇಲಿ ಗೂಡು ಕಟ್ಟಿತ್ತು. ಕೊನೆಗೆ, “ಬ್ರೇಕು ಒಸದಾಗಿ ಆಕಿವ್ನಿ ಸ್ವಾಮಿ, ಎದರ್ಬ್ಯಾಡಿ, ನಿಧಾನಕ್ಕೋಗಿ ಬನ್ನಿ” ಎಂದ.

ಆವತ್ತು ವರದ, “ಅಪ್ಪಾ, ಬ್ರೇಕು ಸರಿಯಾಗಿ ಹಿಡೀತಿಲ್ಲ” ಎಂದಿದ್ದ. ಹಬ್ಬ ಕಳೆಯಲಿ, ನೋಡೋಣ ಎಂದವನು ನಾನು. ಏಳು ವರ್ಷ ನೀನು ಕಾರಿಗೆ ಶಾಪ ಹಾಕಿದೆ, ನಾನು ಕೇಳಿಕೊಂಡು ಸುಮ್ಮನಿದ್ದೆ. ಬಾಯಿಬಿಟ್ಟು ಹೇಳುವ ಧೈರ್ಯ ಇವತ್ತೂ ಬರಲಿಲ್ಲ.

ಹಾಲು ಕಾಯಿಸಿಟ್ಟಿದ್ದೇನೆ. ನಡುಮನೆಯಲ್ಲೇ ಹಾಸಿಗೆ ಹಾಸು, ಅವಳು ಮೆಟ್ಟಿಲು ಹತ್ತಬಾರದು. ಖಾರವಿಲ್ಲದೆ ಮೆಣಸಿನ ಸಾರು ಮಾಡು ಎಂದರೆ ನಗುತ್ತೀಯ, ಆದರೂ ಮೆಣಸು ಕಡಿಮೆ ಹಾಕು. ತೊಟ್ಟಿಲನ್ನು ನಾನೇ ಅಟ್ಟಕ್ಕೆ ಹಾಕಿದ್ದೇನೆ, ಹುಡುಕಬೇಡ.

ಮಧ್ಯಾಹ್ನ ಮೂರು ಗಂಟೆಯೊಳಗೆ ಬರುತ್ತೇವೆ. ನನಗೆ ಏನು ಅನ್ನುವುದಿದ್ದರೂ ಅವಳು ಮಲಗಿದ ಮೇಲೆ ಅನ್ನು. ಕಾರು ಬಾಗಿಲಿಗೆ ಬಂದಾಗ ಒಳಗೆ ಹೋಗಿಬಿಡಬೇಡ. ಇಳಿಯುವಾಗ ಅವಳಿಗೆ ನಿನ್ನ ಕೈ ಬೇಕಾಗುತ್ತದೆ.